ಅಳತೆ ಮೇಷ್ಟ್ರು ಬರೆದ ಕೋಳಿ

ಪ್ರಾಣಿಗಳ ಚಿತ್ರ ಬರೆಯುವವರು ಬಹಳ ಮಂದಿ ಇದ್ದಾರೆ. ಬರೆದ ಪ್ರಾಣಿಯ ಯೋಗಕ್ಷೇಮ ವಿಚಾರಿಸುವವರು ನಾನು ಕಂಡಂತೆ ಒಬ್ಬರೇ. ನಮ್ಮ ಶಾಲೆಯ ಚಿತ್ರಕಲಾ ಅಧ್ಯಾಪಕರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ‘ಅಳತೆ ಮೇಷ್ಟ್ರು’ ಎಂದೇ ಹೆಸರಾದ ಪೂಜ್ಯರೇ ಅವರು.

ಅವರ ವಿದ್ಯಾರ್ಥಿಯಾಗಿ ನಾನು ಬರೆದ ಮೊದಲ ಹಸುವಿಗೆ ಕಾಲುಗಳು ಇದ್ದೂ ಇಲ್ಲದಂತಿದ್ದವು. ಬೇರೆಯವರಾಗಿದ್ದರೆ ಹಾಳೆ ಹರಿದೆಸೆಯುತ್ತಿದ್ದರು. ಅವರು ಪಕ್ಕದಲ್ಲಿ ಕೂತು, “ಇದು ಮಲಗಿದ್ರೆ ಮತ್ತೆ ಏಳೋದು ಹೇಗಪ್ಪಾ?” ಎಂದು ಕೇಳಿ, ನಾಲ್ಕೂ ಕಾಲು ಉದ್ದವಾಗುವವರೆಗೆ ಮೇಲೇಳಲಿಲ್ಲ. ಮುಂದೆ ನಾನು ಅದೇ ಶಾಲೆಗೆ ಅಧ್ಯಾಪಕನಾಗಿ ಬಂದಾಗ ಅವರು ಮೊದಲು ವಿಚಾರಿಸಿದ್ದು ಆ ಹಸುವಿನ ಕ್ಷೇಮವನ್ನು.

ಇದ್ದದ್ದನ್ನು ಇದ್ದಷ್ಟೇ ಗಾತ್ರದಲ್ಲಿ ಬರೆಯುವುದು ಅವರ ವ್ರತ. ಅಳತೆಪಟ್ಟಿಯಿಲ್ಲದೆ ಕುಂಚ ಮುಟ್ಟಿದವರಲ್ಲ. ಹಿಂದಿನ ಮುಖ್ಯೋಪಾಧ್ಯಾಯರ ಭಾವಚಿತ್ರದಲ್ಲಿ ಹೊಟ್ಟೆಯನ್ನು ಒಂದಿಂಚೂ ಬಿಟ್ಟುಕೊಡದ ಕಾರಣ, ಅದು ಕಚೇರಿಯ ಬಾಗಿಲಲ್ಲಿ ಹಿಡಿಸದೆ ಇಂದಿಗೂ ಸೈಕಲ್ ಶೆಡ್ಡಿನಲ್ಲಿದೆ.

ಇಂಥವರ ಬಳಿಗೆ ಊರಾಚೆಯ ಕೋಳಿಫಾರಂ ಮಾಲೀಕರು ಬಂದು, ತಮ್ಮ ಕಚೇರಿಗೆ “ನಗುನಗುತ್ತಾ ಇರೋ ಒಂದು ಕೋಳಿ” ಬೇಕೆಂದು ಕೇಳಿದ್ದು ಅವರ ಗ್ರಹಚಾರ. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಫಾರಮ್ಮಿಗೆ ಹೋದರು. ಕೋಳಿ ಹಿಡಿಯುವ ಕೆಲಸ ನನ್ನದು, ಅಳೆಯುವುದು ಅವರದು, ಕುಕ್ಕಿಸಿಕೊಂಡದ್ದು ಇಬ್ಬರೂ. ಹೊರಗೆ ತೆಗೆದ ಕೋಳಿ ಪಂಜರಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು. ರೆಕ್ಕೆ ಬಿಚ್ಚಿದರೆ ಅಗಲವೂ ಸಾಲದು. ಮೇಷ್ಟ್ರು ನಂಬದೆ ಮತ್ತೊಮ್ಮೆ ಅಳೆದರು.

ಚಿತ್ರ ಪಂಜರದ ಗಾತ್ರದ್ದೇ ಆಯಿತು. ಅದರೊಳಗಿನ ಕೋಳಿ ಕೋಳಿಯ ಗಾತ್ರದ್ದೇ ಆಗಿ, ಕತ್ತು ಬಗ್ಗಿಸಿ, ರೆಕ್ಕೆ ಮುದುರಿ ನಿಂತಿತು. ಕಚೇರಿಗೆ ಬಂದವರೆಲ್ಲ ಅದನ್ನು ನೋಡಲು ತಾವೂ ಕತ್ತು ವಾಲಿಸತೊಡಗಿದಾಗ, ಮಾಲೀಕರು ತಾಳಲಾರದೆ ಶಾಲೆಗೇ ಬಂದರು.

“ಮೇಷ್ಟ್ರೇ, ಅದರ ಕತ್ತು ಸ್ವಲ್ಪ ನೆಟ್ಟಗೆ ಮಾಡಿಕೊಡಿ.”

“ಮೇಲೆ ಕಂಬಿ ತಗಲುತ್ತೆ ಸ್ವಾಮಿ. ನೀವು ಕಂಬಿ ಎತ್ತಿಸಿ, ನಾನು ಕತ್ತು ಎತ್ತಿಸ್ತೀನಿ.”

ಮುನಿದ ಮಾಲೀಕರು ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿ ತೂಗುಹಾಕಿದರು. ದಿನವೂ ಕಚೇರಿಯಲ್ಲೇ ಕೂರುತ್ತಿದ್ದ ಅವರ ತಾಯಿ ಅದನ್ನು ಮತ್ತೆ ಇತ್ತ ತಿರುಗಿಸಿ, “ಮೊದಲೇ ಜಾಗ ಇಲ್ಲ, ಮುಖಕ್ಕೆ ಗೋಡೆ ಬೇರೆ ಯಾಕೋ?” ಎಂದರಂತೆ. ಮಗ ಅತ್ತ ತಿರುಗಿಸುವುದು, ತಾಯಿ ಇತ್ತ ತಿರುಗಿಸುವುದು, ಫಾರಮ್ಮಿನಲ್ಲಿ ಇದೇ ಕೆಲಸವಾಯಿತು. ಕೊನೆಗೆ ಸೋತದ್ದು ಮಗ. ಪಂಜರಗಳು ಹೋದವು, ಕೋಳಿಗಳು ದೊಡ್ಡ ಶೆಡ್ಡಿನಲ್ಲಿ ನೆಲದ ಮೇಲೆ ಓಡಾಡತೊಡಗಿದವು. ಅದನ್ನು ನೋಡಲು ಹೋದ ಮೇಷ್ಟ್ರು ಅಂದು ಜೇಬಿನಿಂದ ತೆಗೆದದ್ದು ಅಳತೆಪಟ್ಟಿಯನ್ನಲ್ಲ, ಕಣ್ಣೊರೆಸಿಕೊಳ್ಳಲು ಕರವಸ್ತ್ರವನ್ನು.

ಮೊನ್ನೆ ಮಾಲೀಕರು ಮತ್ತೆ ಬಂದಿದ್ದರು. “ನನ್ನ ಕೋಳಿಗಳೆಲ್ಲ ನೆಟ್ಟಗೆ ನಿಂತಿವೆ ಮೇಷ್ಟ್ರೇ. ನಿಮ್ಮದೊಂದೇ ಇನ್ನೂ ಬಗ್ಗಿಕೊಂಡಿರೋದು.” ಮೇಷ್ಟ್ರು ತಬ್ಬಿಬ್ಬಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆದ್ದರಿಂದ ನಿವೃತ್ತರಿಗೆ ವಿಶ್ರಾಂತಿ ಕೋರುವ ಪದ್ಧತಿಯನ್ನು ನಾನು ಪಾಲಿಸಲಾರೆ. ಸಹೋದ್ಯೋಗಿಗಳೆಲ್ಲ ಸೇರಿ, ಒಂದು ಕೋಳಿ ಆರಾಮವಾಗಿ ರೆಕ್ಕೆ ಬಿಚ್ಚಬಹುದಾದಷ್ಟು ದೊಡ್ಡ ಕ್ಯಾನ್ವಾಸ್ ತರಿಸಿದ್ದೇವೆ. ಅದೂ ಬಾಗಿಲಲ್ಲಿ ಹಿಡಿಸದೆ ಶಾಲೆಯ ಅಂಗಳದಲ್ಲೇ ನಿಂತಿದೆ. ಪೂಜ್ಯರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ; ಆದರೆ ನಾಳೆ ಬೆಳಿಗ್ಗೆಯೇ ಬರಲಿ. ಆ ಕೋಳಿಗೆ ಕತ್ತು ನೋಯುತ್ತಿದೆ.