ನಲವತ್ತನೆಯ ಮಹಡಿಯಿಂದ ತವರು

ಗೌರಿ ಹಬ್ಬದ ದಿನ ಮಧ್ಯಾಹ್ನ ಮನೆಗೆ ಬೀಗ ಹಾಕಿ ನಾನು ಊರು ನೋಡಲು ಹೊರಟೆ. ಹುಟ್ಟಿದಾಗಿನಿಂದ ನೋಡುತ್ತಿರುವ ಊರನ್ನು ಟಿಕೆಟ್ ಕೊಂಡು ನೋಡಲು ಹೊರಟವಳಿಗೆ ತಲೆ ಕೆಟ್ಟಿರಬೇಕು ಎಂದು ಯಾರಾದರೂ ಅಂದುಕೊಂಡರೆ ತಪ್ಪಿಲ್ಲ. ಹಾಗೆ ಅಂದುಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಮನೆ. ಗೌರಿ ಬಂತೆಂದರೆ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು, ಮೊರದ ಬಾಗಿನ ಹಿಡಿದು, ಅರಿಶಿನ ಕುಂಕುಮಕ್ಕೆಂದು ಮನೆಯಿಂದ ಮನೆಗೆ ಓಡಾಡುತ್ತಾರೆ. ಮೂರು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡರು. ಅಲ್ಲಿಂದ ಆ ಓಡಾಟ ನನ್ನ ಬಾಗಿಲೊಂದನ್ನು ಬಿಟ್ಟು ನಡೆಯುತ್ತದೆ. ಬಿಟ್ಟರೆ ಬಿಡಲಿ, ಅದು ನನಗೆ ದೊಡ್ಡದಲ್ಲ. ಆದರೆ ನನ್ನ ಬಾಗಿಲ ಹತ್ತಿರ ಬಂದಾಗ ಅವರು ಮಾತು ನಿಲ್ಲಿಸಿ, ಪರೀಕ್ಷೆ ನಡೆಯುತ್ತಿರುವ ಕೋಣೆಯ ಮುಂದೆ ಹೋಗುವವರಂತೆ ಮೆಲ್ಲಗೆ ದಾಟಿ, ಮೆಟ್ಟಿಲಿನ ತಿರುವಿನಲ್ಲಿ ಮತ್ತೆ ಮಾತು ಶುರು ಮಾಡುತ್ತಾರೆ. ಆ ಮೌನವನ್ನು ಮಾತ್ರ ನನ್ನಿಂದ ತಡೆಯಲಾಗುವುದಿಲ್ಲ. ಅವತ್ತು ಬೆಳಗಿನಿಂದ ಐದು ಸಲ ಕೇಳಿಸಿಕೊಂಡಿದ್ದೆ. ಆರನೆಯ ಸಲ ಕೇಳುವ ಮೊದಲೇ ಚಪ್ಪಲಿ ಮೆಟ್ಟಿಕೊಂಡೆ.

ಇದು ಹೊರಗೆ ಹೇಳಿಕೊಳ್ಳಬಹುದಾದ ಕಾರಣ. ಒಳಗಿನ ಕಾರಣ ಬಸವನಗುಡಿಯಲ್ಲಿತ್ತು. ಅದು ನನ್ನ ತವರು. ಅಲ್ಲಿ ಅಣ್ಣ, ಅತ್ತಿಗೆ ಇದ್ದಾರೆ. ನನ್ನ ಮದುವೆಯಾದ ವರ್ಷದಿಂದಲೂ, ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಅಣ್ಣ ಗಾಂಧಿ ಬಜಾರಿನಿಂದ ಹೂವು, ಹಣ್ಣು, ರವಿಕೆ ಕಣ ತೆಗೆದುಕೊಂಡು ಬಸ್ಸು ಹತ್ತಿ ಬರುತ್ತಿದ್ದ. ಗೌರಿಗೆ ಮನೆಮಗಳನ್ನು ಬಂದೇ ಕರೆಯಬೇಕು, ಬೇರೆಯವರ ಕೈಲಿ ಹೇಳಿಕಳಿಸುವ ಹಾಗಿಲ್ಲ ಎನ್ನುವುದು ನಮ್ಮ ಮನೆಯ ಪದ್ಧತಿ. ಕಾಫಿ ಕುಡಿದು, ಹೊಸ್ತಿಲ ಹತ್ತಿರ ನಿಂತು, ಅದೇ ಆಗ ನೆನಪಾಯಿತೇನೋ ಎನ್ನುವ ಹಾಗೆ "ಗೌರಿಗೆ ಬಂದ್ಬಿಡು" ಅನ್ನುತ್ತಿದ್ದ. ಗಂಡ ತೀರಿಕೊಂಡ ವರ್ಷ ಅವನು ಬರಲಿಲ್ಲ. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬವಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುವರ್ಷವೂ ಬರಲಿಲ್ಲ. ಫೋನು ಮಾಡುತ್ತಾನೆ, ಬಿಪಿ ಎಷ್ಟಿದೆ, ಆ ಕಡೆ ಮಳೆ ಬಂತಾ ಎಂದೆಲ್ಲ ಕೇಳುತ್ತಾನೆ. ಬಾ ಎನ್ನುವುದಿಲ್ಲ. ಈ ಮೂರನೆಯ ವರ್ಷ ಹಬ್ಬಕ್ಕೆ ಎರಡು ದಿನ ಮೊದಲು ನಾನು ನಾಚಿಕೆಯಿಲ್ಲದೆ ಡಿಕಾಕ್ಷನ್ ಹಾಕಿಟ್ಟುಕೊಂಡು ಕಾದೆ. ಸಂಜೆ ಅದನ್ನು ನಾನೇ ಕುಡಿದು ಮುಗಿಸಿದೆ, ನಿದ್ದೆ ಬರಲಿಲ್ಲ.

ಕರೆಯದೆ ತವರಿನ ಮೆಟ್ಟಿಲು ಹತ್ತುವವಳಲ್ಲ ನಾನು. ಆದರೆ ದೂರದಿಂದ ನೋಡಬಾರದು ಎಂದು ಯಾರೂ ಹೇಳಿಲ್ಲವಲ್ಲ. ಮಲ್ಲೇಶ್ವರದ ಅಂಚಿನಲ್ಲಿ ಹೊಸದಾಗಿ ಎದ್ದ ಗೋಪುರದಂಥ ಕಟ್ಟಡವೊಂದು ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಅದರ ನಲವತ್ತನೆಯ ಮಹಡಿಯಲ್ಲಿ ಸುತ್ತ ಗಾಜು ಹಾಕಿ, ಊರು ನೋಡಲು ಜಾಗ ಮಾಡಿದ್ದಾರೆ. ಅಲ್ಲಿಂದ ಬಸವನಗುಡಿ ಕಾಣದೆ ಎಲ್ಲಿಗೆ ಹೋಗುತ್ತದೆ ಎಂದು ನನ್ನ ಲೆಕ್ಕ.

ಟಿಕೆಟ್ ಕೊಡುವ ಹುಡುಗಿ ನನ್ನ ಹಿಂದೆ ಇಣುಕಿ ನೋಡಿ ಕೇಳಿದಳು. "ಒಬ್ರೇನಾ ಮೇಡಂ?"

"ಒಬ್ಬಳೇ."

"ನಾಲ್ಕು ಜನಕ್ಕೆ ಫ್ಯಾಮಿಲಿ ಆಫರ್ ಇದೆ ಮೇಡಂ ಇವತ್ತು."

"ಮಿಕ್ಕ ಮೂರು ಜನಾನ ನೀವೇ ಕೊಡ್ತೀರಾ?"

ಪಾಪ, ಅವಳು ನಗಬೇಕೋ ಬೇಡವೋ ತಿಳಿಯದೆ ಟಿಕೆಟ್ ಹರಿದುಕೊಟ್ಟಳು. ಲಿಫ್ಟಿನವನೂ ಬಾಗಿಲು ಹಾಕುವ ಮೊದಲು "ಒಬ್ರೇನಾ?" ಎಂದ. ಅವನಿಗೆ ಉತ್ತರ ಕೊಡುವ ಹೊತ್ತಿಗೆ ನನ್ನ ಕಿವಿ ಕಟ್ಟಿಕೊಂಡಿತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ನಕ್ಷೆಯಲ್ಲಿ ದಿಕ್ಕು ತೋರಿಸಲು ತಡವರಿಸಿದ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಮೇಲೆ ಹೋಗಿ ಗಾಜಿನ ಮುಂದೆ ನಿಂತಾಗ ಆ ಮಕ್ಕಳ ಕ್ಷಮೆ ಕೇಳಬೇಕೆನಿಸಿತು. ಕಾಲಡಿಯಲ್ಲಿ ಮಲ್ಲೇಶ್ವರದ ಮರಗಳು, ಅದರಾಚೆ ಮೆಜೆಸ್ಟಿಕ್ ಕಡೆಯ ರೈಲು ಹಳಿ, ಇಷ್ಟು ಸಿಕ್ಕಿತು. ಪೇಟೆಯ ಹತ್ತಿರ ಬರುವಾಗ ಎಲ್ಲ ಕಲಸಿಹೋಯಿತು. ನಗರ್ತಪೇಟೆ ಯಾವುದು, ಸುಲ್ತಾನ್‌ಪೇಟೆ ಯಾವುದು, ಚಾಮರಾಜಪೇಟೆ ಎಲ್ಲಿ ಶುರುವಾಗುತ್ತದೆ, ಒಂದೂ ಗೊತ್ತಾಗಲಿಲ್ಲ. ಎಲ್ಲ ಸೂರಿನ ಮೇಲೂ ಅದೇ ಕಪ್ಪು ನೀರಿನ ಟ್ಯಾಂಕು, ಅದೇ ನೀಲಿ ಶೀಟು. ದೂರದಲ್ಲಿ ಹಸಿರು ಕಂಡದ್ದು ಲಾಲ್‌ಬಾಗ್ ಇರಬೇಕು. ಅದರ ಬಲಕ್ಕೆ ನಮ್ಮ ಮನೆ ಇರಬೇಕಾದ ಜಾಗದಲ್ಲಿ ಬೂದುಬಣ್ಣದ ಮೋಡವೊಂದು ಕೆಳಗಿಳಿದು ಕೂತಿತ್ತು.

ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು. ಹುಡುಗಿ ಹಸಿರು ರೇಷ್ಮೆ ಸೀರೆ ಉಟ್ಟು ತಲೆ ತುಂಬ ಮಲ್ಲಿಗೆ ಮುಡಿದಿದ್ದಳು. ಅವರಿಬ್ಬರ ಫೋಟೋ ತೆಗೆಯುವ ಕೆಲಸ ನನಗೆ ಬಂತು. ಒಬ್ಬಳೇ ಇರುವವಳಿಗೆ ಇಂಥ ಕಡೆ ಸಿಗುವ ಕೆಲಸ ಅದೇ. ನಾಲ್ಕೈದು ತೆಗೆದುಕೊಟ್ಟ ಮೇಲೆ ಹುಡುಗಿ ಉಪಚಾರಕ್ಕೆಂದು ಕೇಳಿದಳು.

"ನಿಮ್ಮನೆ ಯಾವ ಕಡೆ ಆಂಟಿ?"

ನನ್ನ ಮನೆ ಕಾಲಡಿಯಲ್ಲೇ ಇತ್ತು. ಬಗ್ಗಿದ್ದರೆ ಬಾಲ್ಕನಿಯಲ್ಲಿ ಒಣಹಾಕಿದ್ದ ನನ್ನ ಟವೆಲ್ಲೂ ಕಾಣುತ್ತಿತ್ತೇನೋ. ಅಷ್ಟು ವರ್ಷ ಸಂಸಾರ ಮಾಡಿದ ಮನೆಯನ್ನು ಬಿಟ್ಟು ನನ್ನ ಕೈ ತಾನಾಗಿ ದಕ್ಷಿಣಕ್ಕೆ ಚಾಚಿತು. "ಅಲ್ಲಿ, ಬಸವನಗುಡಿ" ಎಂದೆ.

"ಹೌದಾ! ಹಾಗಾದ್ರೆ ಮನೆಗೆ ಫೋನ್ ಮಾಡಿ ಆಂಟಿ. ಟೆರೇಸ್ ಮೇಲೆ ಬಂದು ಕೈ ಬೀಸೋಕೆ ಹೇಳಿ. ನಾನು ಅಮ್ಮನ ಕೈಲಿ ಹಾಗೇ ಮಾಡ್ಸಿದೆ, ಸಖತ್ ಮಜಾ ಇತ್ತು."

ಅವಳ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು. ಅವರು ಇನ್ನೊಂದು ಕಡೆಗೆ ಹೋಗುವವರೆಗೂ ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ಆಮೇಲೆ ಫೋನು ತೆಗೆದು ಅಣ್ಣನಿಗೆ ಮಾಡಿದೆ.

"ಏನಾಯ್ತು? ಹುಷಾರಾಗಿದೀಯಾ?" ಎಂದ. ಅವನ ಹಿಂದೆ ಹೆಂಗಸರ ಮಾತು, ಬಳೆಯ ಸದ್ದು ಕೇಳುತ್ತಿತ್ತು.

"ಚೆನ್ನಾಗಿದೀನಿ. ನಲವತ್ತನೇ ಮಹಡಿ ಮೇಲೆ ನಿಂತಿದೀನಿ."

ಅವನು ತುಂಬ ಮೆತ್ತಗೆ, "ಒಬ್ಳೇನಾ? ಅಲ್ಲೇನ್ ಮಾಡ್ತಿದೀಯ? ಮೊದ್ಲು ಕೆಳಗಿಳಿ, ಆಮೇಲೆ ಮಾತಾಡೋಣ" ಎಂದ.

ಅವನು ಯಾವುದಕ್ಕೆ ಹೆದರಿದ್ದಾನೆಂದು ಹೊಳೆದು ನನಗೆ ನಗು ಬಂತು. "ಅಯ್ಯೋ, ಬೀಳೋಕಲ್ಲ ಕಣೋ! ಟಿಕೆಟ್ ತಗೊಂಡು ಊರು ನೋಡೋಕ್ ಬಂದಿದೀನಿ. ನಮ್ಮನೆ ಹುಡುಕ್ತಿದೀನಿ. ನೀನು ಟೆರೇಸ್ ಮೇಲೆ ಬಂದು ಕೈ ಬೀಸು."

ಇನ್ನೊಬ್ಬನಾಗಿದ್ದರೆ ಬೈಯುತ್ತಿದ್ದ. ನನ್ನ ಅಣ್ಣ, ಅರವತ್ತೈದು ದಾಟಿದವನು, ಮಂಡಿನೋವಿನವನು, ಹಬ್ಬದ ಮನೆ ಬಿಟ್ಟು ಮೆಟ್ಟಿಲು ಹತ್ತಿದ. ಒಂದೊಂದು ಮೆಟ್ಟಿಲಿಗೂ ಅವನ ಏದುಸಿರು ನನ್ನ ಕಿವಿಗೆ ಬರುತ್ತಿತ್ತು. ತಾರಸಿ ಬಾಗಿಲಿನ ಚಿಲಕ ಸರಿದ ಸದ್ದಾಯಿತು. ಹೆಂಗಸರ ಮಾತು ನಿಂತು ಗಾಳಿ ಕೇಳಿಸಿತು. ಈಗ ಅವನೊಬ್ಬನೇ ಇದ್ದಾನೆಂದು ತಿಳಿದದ್ದೇ ತಡ, ಮೂರು ವರ್ಷದಿಂದ ಹಲ್ಲು ಕಚ್ಚಿ ಹಿಡಿದದ್ದು ಬಾಯಿಗೆ ಬಂದುಬಿಟ್ಟಿತು.

"ಮೂರು ವರ್ಷದಿಂದ ಗೌರಿಗೆ ಯಾಕೋ ಕರೀಲಿಲ್ಲ ನನ್ನ?"

"ಹೇಗ್ ಕರೀಲಿ ಹೇಳು. ಬಂದೋರಿಗೆಲ್ಲ ಕುಂಕುಮ ಕೊಟ್ಟು ನಿನ್ನನ್ನ ಮೂಲೇಲಿ ಕೂರಿಸ್ತಾರೆ. ನೀನು ಅದನ್ನ ನುಂಗ್ಕೊಂಡು ನಗ್ತೀಯ. ನಾನು ಅದನ್ನ ನೋಡ್ಲಾ? ನಿಂಗೆ ನೋವಾಗೋದು ಬೇಡ ಅಂತ..."

"ಮೂಲೇನಾದ್ರೂ ನಮ್ಮನೇದಲ್ವೇನೋ" ಎಂದೆ. ನಲವತ್ತನೆಯ ಮಹಡಿಯಲ್ಲಿ ಅಳುವುದು ಸುಲಭ, ಯಾರೂ ನಿಮ್ಮ ಕಡೆ ನೋಡುವುದಿಲ್ಲ, ಎಲ್ಲರೂ ಕೆಳಗೆ ನೋಡುತ್ತಿರುತ್ತಾರೆ.

"ನಾಳೆ ಬಾ" ಎಂದ ಅವನು. "ಗಣೇಶನಿಗೆ ಬಾ. ಕಡುಬು ಮಾಡ್ತಾಳೆ ನಿನ್ನತ್ತಿಗೆ."

"ಗಣೇಶನಿಗೆ ಬೀದಿಯೋರೆಲ್ಲ ಬರ್ತಾರೆ. ಗೌರಿಗೆ ಕರಿ. ಇವತ್ತು ಕರಿ. ಕೆಳಗಿಳಿದು ಆಟೋ ಹತ್ತಿ ಬರ್ತೀನಿ."

ಅದಕ್ಕೆ ಅವನು ಬೇರೆಯೇ ದನಿಯಲ್ಲಿ, ಚಿಕ್ಕಂದಿನಲ್ಲಿ ಅಪ್ಪ ಬೈದಾಗ ನನ್ನನ್ನು ನಗಿಸಲು ತೆಗೆಯುತ್ತಿದ್ದ ದನಿಯಲ್ಲಿ ಹೇಳಿದ. "ನೋಡಿಲ್ಲಿ, ಕೈ ಬೀಸ್ತಿದೀನಿ. ಕಾಣ್ತಿದೀನಾ?"

ನಾನು ಗಾಜಿಗೆ ಹಣೆ ಒತ್ತಿ ನೋಡಿದೆ. ಮೋಡ ಅಲುಗಿರಲಿಲ್ಲ. ಮನೆಯಿರಲಿ, ಬಸವನಗುಡಿಯೇ ಇರಲಿಲ್ಲ. ಅಷ್ಟು ಮೆಟ್ಟಿಲು ಹತ್ತಿ ಬಂದವನಿಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

"ಕಾಣ್ತಿದೀಯ ಕಣೋ. ಚೆನ್ನಾಗಿ ಕಾಣ್ತಿದೀಯ."

"ಯಾವ ಕೈ ಹೇಳು ನೋಡೋಣ?"

"ಎಡಗೈ" ಎಂದೆ, ಬಾಯಿಗೆ ಬಂದದ್ದು.

ಸ್ವಲ್ಪ ತಡೆದು ಅವನೆಂದ. "ಸರಿಯಾಗ್ ಹೇಳ್ದೆ. ಕಣ್ಣು ಇನ್ನೂ ಚೆನ್ನಾಗಿದೆ ನಿಂದು." ಕೆಳಗಿನಿಂದ ಯಾರೋ ಅವನನ್ನು ಕೂಗಿದರು. "ಇಡ್ತೀನಿ, ಹುಷಾರಾಗ್ ಇಳಿ" ಎಂದು ಫೋನಿಟ್ಟ.

ಲಿಫ್ಟು ಕೆಳಗಿಳಿಯುವಾಗ ನನಗೆ ಹೊಳೆಯಿತು. ಚಿಕ್ಕವನಿದ್ದಾಗ ಕಿವಿ ಸೋರಿ ಸೋರಿ ಅಣ್ಣನ ಬಲಗಿವಿ ಪೂರ್ತಿ ಹೋಗಿದೆ. ಫೋನನ್ನು ಅವನು ಎಡಗಿವಿಗೇ ಹಿಡಿಯಬೇಕು, ಎಡಗೈಯಲ್ಲೇ ಹಿಡಿಯುತ್ತಾನೆ. ಅವನು ಬೀಸಿದ್ದಿದ್ದರೆ ಅದು ಬಲಗೈ. ನನಗೆ ಏನೂ ಕಾಣುತ್ತಿಲ್ಲವೆಂದು ಅವನಿಗೆ ಗೊತ್ತಾಯಿತು. ಗೊತ್ತಾದರೂ ಸರಿ ಎಂದ, ನನಗೆ ನೋವಾಗಬಾರದು ಎಂದು. ನನಗೆ ನೋವಾಗದಿರಲು ಅವನು ಏನು ಬೇಕಾದರೂ ಮಾಡುತ್ತಾನೆ, ಮಂಡಿ ಸವೆಸಿಕೊಂಡು ಮೆಟ್ಟಿಲು ಹತ್ತುತ್ತಾನೆ, ಸುಳ್ಳು ಹೇಳುತ್ತಾನೆ. ಕರೆಯುವುದೊಂದನ್ನು ಬಿಟ್ಟು.

ಹೊರಗೆ ಆಟೋಗಳು ಸಾಲಾಗಿ ನಿಂತಿದ್ದವು. ಒಂದರ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತೆ, ಫೋನು ಕೈಯಲ್ಲೇ ಇತ್ತು. ಆಮೇಲೆ ನಡೆದುಕೊಂಡೇ ಮನೆಗೆ ಹೋದೆ. ಮರುದಿನ ಗಣೇಶನಿಗೆ ಬಸವನಗುಡಿಗೆ ಹೋಗಿ ಕಡುಬು ತಿಂದು ಬಂದೆ. ಅತ್ತಿಗೆ ಬಲವಂತ ಮಾಡಿ ಬಡಿಸಿದರು, ಅಣ್ಣ ಬಸ್‌ಸ್ಟಾಪಿನವರೆಗೂ ಬಂದು ಬಿಟ್ಟ. ಗೌರಿಗೆ ಇನ್ನೂ ಕರೆದಿಲ್ಲ.