ತಿಂದೋರು ಹೇಳ್ಬೇಕು

ಬನಶಂಕರಿಯ ನಮ್ಮ ಬೀದಿಯಲ್ಲಿ ಒಬ್ಬಟ್ಟು ಮಾಡಿ ಮಾರುತ್ತಿದ್ದ ಆಂಟಿಯನ್ನು ಯಾರಾದರೂ "ಚೆನ್ನಾಗಿದ್ಯಾ?" ಎಂದು ಕೇಳಿದರೆ, ಸೆರಗಿಗೆ ಕೈ ಒರೆಸಿಕೊಂಡು ಒಂದು ಚೂರು ಮುರಿದು ಕೇಳಿದವರ ಅಂಗೈಗಿಡುತ್ತಿದ್ದರು. "ನಾವ್ ಹೇಳ್ಕೊಳ್ಳೋದಲ್ಲ, ತಿಂದೋರು ಹೇಳ್ಬೇಕು."

ಫೋನಿನಲ್ಲಿ ಅವರ ಅಂಗಡಿಯ ಪೇಜು ನೋಡಿಕೊಳ್ಳುತ್ತಿದ್ದವಳು ಎದುರುಮನೆಯ ನಾನು. ಒಂದು ಯುಗಾದಿಗೆ ಮುಂಚೆ ನಾನು ಹಾಕಿದ ರೀಲ್ ಎಲ್ಲೆಲ್ಲೋ ಓಡಿ, ಸುಬ್ರಹ್ಮಣ್ಯಪುರದಿಂದಲೂ ಜನ ಬಂದು ಸಾಲು ನಿಂತರು. ಯಾವಾಗಲೂ ಒಬ್ಬಟ್ಟನ್ನು ಬಾಳೆಲೆಯ ಮೇಲೆ ಹರಡಿ ಆರಿಸುತ್ತಿದ್ದ ಆಂಟಿ, ಆ ಸಾಲು ನೋಡಿ ಗಾಬರಿಯಾಗಿ, ಬಿಸಿಬಿಸಿಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರು.

ಮರುದಿನ ರೀಲಿನ ಕೆಳಗೆ ಗಿರಾಕಿಯೊಬ್ಬರು ಬರೆದಿದ್ದರು: "ಒಬ್ಬಟ್ಟೆಲ್ಲ ಬೆವೆತು ಅಂಟ್ಕೊಂಡಿತ್ತು. ಒಂದು ತುತ್ತು ತಿಂದ್ವಿ, ಹಬ್ಬದ ದಿನಾನೇ ಉಳಿದಿದ್ದೆಲ್ಲ ಎಸೆದ್ವಿ."

"ಜಾಸ್ತಿ ಜನ ನೋಡೋ ಮೊದ್ಲು ಡಿಲೀಟ್ ಮಾಡ್ಬಿಡ್ಲಾ ಆಂಟಿ?" ಎಂದೆ.

"ಯಾಕಮ್ಮಾ? ತಿಂದೋರೇ ಅಲ್ವಾ ಹೇಳಿರೋದು?"

ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ನಿಂತರು. "ಆರೋಕೆ ಬಿಡದೆ ಡಬ್ಬಿ ಮುಚ್ಚಿದ್ದು ನಾನೇ. ತಪ್ಪು ನಂದು. ತಗೊಂಡೋರೆಲ್ಲ ಬನ್ನಿ, ಬೇರೆ ಮಾಡಿಕೊಡ್ತೀನಿ." ಅಷ್ಟನ್ನೇ ಪೇಜಿಗೆ ಹಾಕಿಸಿದರು.

ಜನ ಬಂದರು. ದೂರು ಬರೆದಿದ್ದ ಹೆಂಗಸೂ ಬಂದರು. ಬಾಳೆಲೆಯ ಪಕ್ಕದಲ್ಲೇ ನಿಂತು ಒಂದು ತಿಂದು, ಇನ್ನೊಂದಕ್ಕೆ ಕೈ ಚಾಚಿದರು. ಚೆನ್ನಾಗಿದೆಯಾ ಎಂದು ಆಂಟಿ ಕೇಳಲಿಲ್ಲ.

ಆ ದೂರು ಇಂದಿಗೂ ಅಲ್ಲೇ ಇದೆ. ಆ ಪೇಜು ನೋಡಿಕೊಳ್ಳುತ್ತಿದ್ದವಳು ನಾನು. ಇದೊಂದನ್ನು ಮಾತ್ರ ನಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.