ಹುಳಿಬಟ್ಟೆಯ ಸಾರು

ಮೊನ್ನೆ, ಈಗ ನಾವಿರುವ ಬೀದರ್ ಅಂಚಿನ ನೌಬಾದದ ತಿರುವಿನಲ್ಲಿ ತಳ್ಳುಗಾಡಿಯವನೊಬ್ಬ ಹಸಿ ಕಡಲೆ ಗಿಡಗಳ ಕಟ್ಟು ಮಾರುತ್ತಿದ್ದ. ಕಾಯಿ ತುಂಬಿದೆಯೇ ಎಂದು ಎಲೆ ಸರಿಸಿ ನೋಡಿದೆ, ಬೆರಳಿಗೆ ಅಂಟು ಹತ್ತಿತು. ಕಡಲೆ ಹೊಲದಲ್ಲಿ ಓಡಾಡಿದವರಿಗೆ ಆ ಅಂಟಿನ ವಾಸನೆ ಗೊತ್ತು. ಹಸಿ ಸೊಪ್ಪು, ತೊಯ್ದ ಕಬ್ಬಿಣ, ಇನ್ನೂ ಹಣ್ಣಾಗದ ಹಣ್ಣು ಮೂರೂ ಕೂಡಿದ ಹಾಗೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಬೆರಳು ನೆಕ್ಕಿದೆ. ದವಡೆಯ ಮೂಲೆಯಲ್ಲಿ ನೀರೊಡೆಯಿತು. ಅಷ್ಟಕ್ಕೇ ಔರಾದ ತಾಲೂಕಿನ ಗಡಿಯಲ್ಲಿ, ಡಾಬಕಾ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ನಮ್ಮ ಹಳೆಯ ಮನೆ, ಅದರ ಕಪ್ಪು ಕಲ್ಲಿನ ಹೊಸ್ತಿಲು, ಹೊಗೆ ಹಿಡಿದ ಅಡುಗೆ ಮನೆ, ಅದರೊಳಗಿನ ಮೂವರು ಹೆಂಗಸರು ಎದ್ದು ಬಂದರು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವ್ವ ಬೀದರ್ ಶಹರದ ಹಳೆ ಓಣಿಯಿಂದ ಬಂದ ಹಿರಿ ಸೊಸೆ. ಕಾಕಿ, ಅಂದರೆ ನಮ್ಮ ಕಾಕನ ಹೆಂಡತಿ, ಭಾಲ್ಕಿಯಿಂದ ಬಂದ ಕಿರಿ ಸೊಸೆ. ನಾನು ಮನೆಯ ದೊಡ್ಡ ಹುಡುಗಿ.

ನಿಮ್ಮ ಮನೆಯಲ್ಲೂ ಇಂಥದೊಂದು ಸಾರು ಇದ್ದಿರಬೇಕು. ಇಲ್ಲದ್ದರಿಂದ ಹುಟ್ಟಿ, ಅಭ್ಯಾಸದಿಂದ ರುಚಿಯಾದದ್ದು. ನಮ್ಮಲ್ಲಿ ಬೇಳೆ ಮಾರಲಿಕ್ಕೆ ಇತ್ತು, ಉಣ್ಣಲಿಕ್ಕೆ ಇರಲಿಲ್ಲ. ಹುಣಸೆ ಮರ ಇರಲಿಲ್ಲ. ಆದರೆ ಎರೆ ಹೊಲದ ತುಂಬ ಕಡಲೆ ಇತ್ತು. ಗಿಡ ಟೊಂಗೆ ಒಡೆಯಲಿ ಎಂದು ಹೇಗೂ ಕುಡಿ ಚಿವುಟಬೇಕು. ಆ ಕುಡಿಯನ್ನೇ ನೆರಳಿನಲ್ಲಿ ಒಣಗಿಸಿ ಮಡಕೆಗೆ ತುಂಬಿಡುತ್ತಿದ್ದರು. ಸಾರು ಮಾಡುವಾಗ ಒಂದು ಹಿಡಿ ಒಣ ಸೊಪ್ಪು, ನೀರಿನಲ್ಲಿ ಕದಡಿದ ಒಂದು ಹಿಡಿ ಜೋಳದ ಹಿಟ್ಟು, ಜಜ್ಜಿದ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ. ಹುಳಿ ಮಾತ್ರ ಬಟ್ಟೆಯಿಂದ ಬರುತ್ತಿತ್ತು. ಥಂಡಿ ಕಾಲದಲ್ಲಿ ಸಂಜೆ ಹೋಗಿ ಕಡಲೆ ಗಿಡಗಳ ಮೇಲೆ ಹಿರಿಯರ ಕಾಲದ ಧೋತರವೊಂದನ್ನು ಹಾಸಿ ಬರಬೇಕು. ರಾತ್ರಿಯ ಇಬ್ಬನಿಯ ಜೊತೆ ಎಲೆಯ ಹುಳಿಯೂ ಅದಕ್ಕೆ ಇಳಿಯುತ್ತದೆ. ಸೂರ್ಯ ಮೇಲೆ ಬರುವ ಮುಂಚೆ ತೊಯ್ದ ಬಟ್ಟೆಯನ್ನು ಎತ್ತಿ ತಂದು, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ಸಂಜೆ ಮತ್ತೆ ಹಾಸಬೇಕು. ಹೂವಿನಿಂದ ಕಾಯಿಯ ತನಕ ಹೀಗೇ ನಡೆದು ಕೊನೆಗೆ ಆ ಧೋತರ ಹಪ್ಪಳದ ಹಾಗೆ ಸೆಟೆದು, ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಗಡಿಗೆಯಲ್ಲಿಟ್ಟು ಬಾಯಿ ಕಟ್ಟುತ್ತಿದ್ದರು. ವರ್ಷವಿಡೀ ಬೇಕಾದಾಗ ಗೇಣುದ್ದದ ಭಾಗವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಒಂದು ಪಾತ್ರೆಯ ಸಾರಿಗೆ ಹುಳಿ ಸಿದ್ಧ. ಮನೆಗೆ ಒಬ್ಬ ಹೆಚ್ಚಾದರೆ ಒಂದು ತಂಬಿಗೆ ನೀರು ಹೆಚ್ಚು. ಕಾಕ ತಟ್ಟೆಯೊಳಗೆ ಬಾಗಿ ನೋಡಿ ಅನ್ನುತ್ತಿದ್ದ: “ಇದರಾಗ ಸೊಪ್ಪು ಹುಡುಕ್ಲಿಕ್ಕ ಪೊಲೀಸ್ರಿಗಿ ಕರಸ್ಬೇಕು ನೋಡ್ರಿ.” ಹಾಗೆ ಅಂದವನೇ ರೊಟ್ಟಿ ಮುರಿದು ಅದ್ದಿ, ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದ.

ಆ ಬಟ್ಟೆಯ ಬಗ್ಗೆ ಮನೆಯಲ್ಲಿ ಎರಡು ಕಟ್ಟಳೆ ಇದ್ದವು. ಅದನ್ನು ಎಂದೂ ಒಗೆಯಬಾರದು. ಮತ್ತು ಅದು ಒಂದು ತಲೆಮಾರಿನಲ್ಲಿ ಒಬ್ಬ ಸೊಸೆಯ ಕೈಯಲ್ಲಿ ಮಾತ್ರ ಇರಬೇಕು. ಹಾಸುವುದು, ಎತ್ತುವುದು, ಸಾರಿಗೆ ಹುಳಿ ಬಿಡುವುದು ಎಲ್ಲ ಆಕೆಯದೇ. ಆಯಿಗೆ ಅದನ್ನು ಆಕೆಯ ಅತ್ತೆ ಕೊಟ್ಟಿದ್ದಳು, ಅವಳಿಗೆ ಅವಳತ್ತೆ. ಆಯಿ ನನ್ನ ಅವ್ವನಿಗೆ ಕೊಟ್ಟಾಗ ಕಾಕಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದು ಹೇಳುತ್ತಾರೆ. ಬೀದರ್ ಶಹರದಾಕಿಗೆ ಹೊಲದ ಕೆಲಸ ತಿಳಿಯದು ಎಂಬ ಮಾತು ಮನೆಯಲ್ಲಿ ಮೊದಲೇ ಇತ್ತು. ಬಟ್ಟೆ ಕೈಗೆ ಬಂದ ಮೇಲೆ ಆ ಮಾತು ನಿಂತಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ವೇಷ ಕಟ್ಟುವುದಿತ್ತು. ಎಲ್ಲರಿಗಿಂತ ಎತ್ತರ ಇದ್ದೇನೆಂದು ಗುರುಗಳು ನನ್ನನ್ನು ಭಾರತಮಾತೆ ಮಾಡಿ, ಮನೆಯಿಂದ ಬಿಳಿ ಬಟ್ಟೆ ತರಲು ಹೇಳಿದರು. ನಮ್ಮ ಮನೆಯಲ್ಲಿದ್ದ ಬಿಳಿ ಬಟ್ಟೆ ಎಂದರೆ ಅಪ್ಪನ, ಕಾಕನ ಧೋತರಗಳು. ಅವು ಇಬ್ಬರ ಮೈಮೇಲಿದ್ದವು. ಉಳಿದದ್ದು ಗಡಿಗೆಯೊಳಗಿನದು. ಆ ವರ್ಷದ ಹಾಸುವ ಕೆಲಸ ಮುಗಿದು ಅದು ಗಡಿಗೆ ಸೇರಿ ಎರಡು ದಿನವಾಗಿತ್ತು. ಒಂದು ಕಾಲಕ್ಕೆ ಬಿಳಿಯಾಗಿತ್ತು, ತೊಳೆದರೆ ಮತ್ತೆ ಬಿಳಿಯಾಗುತ್ತದೆ ಎಂದಷ್ಟೇ ನನ್ನ ತಲೆಗೆ ಹೊಳೆಯಿತು. ಹಿಂದಿನ ದಿನ ಮಧ್ಯಾಹ್ನ ಹೊಲದ ಬಾವಿಗೆ ಒಯ್ದು ಸಾಬೂನು ಹಚ್ಚಿ, ಕಲ್ಲಿಗೆ ಬಡಿದು, ನೀಲಿ ಹಾಕಿ ಒಗೆದೆ. ಕಂದು ನೀರು ಕಾಲುವೆಗುಂಟ ಹರಿದು ಹೋಯಿತು. ಬೇಲಿಯ ಮೇಲೆ ಒಣಗಿಸಿ ಮರುದಿನ ಉಟ್ಟುಕೊಂಡೆ. ಚಪ್ಪಾಳೆ ಬಿತ್ತು. ಖರೇ ಹೇಳಬೇಕೆಂದರೆ ಬಹಳ ಖುಷಿಯಾಗಿತ್ತು.

ಮನೆಗೆ ಬಂದಾಗ ಹಿತ್ತಲಲ್ಲಿ ಅವ್ವ ಒಬ್ಬಳೇ ಇದ್ದಳು. ನನ್ನ ಕಂಕುಳಲ್ಲಿದ್ದ ಬಟ್ಟೆಯನ್ನು ತೆಗೆದುಕೊಂಡು ಬಿಡಿಸಿದಳು. ನನ್ನ ಹೆಗಲಿಗೆ ಚುಚ್ಚಿದ್ದ ಕಾಗದದ ಬಾವುಟವನ್ನು ಪಿನ್ನಿನ ಸಮೇತ ಕಿತ್ತು ನೀರೊಲೆಗೆ ಹಾಕಿದಳು. ಆಮೇಲೆ ಬಟ್ಟೆಯನ್ನು ತಾನೇ ಹಗ್ಗದ ಮೇಲೆ ಹರವಿದಳು. ಆಯಿ ದನದ ಕೊಟ್ಟಿಗೆಯಿಂದ ಬಂದವಳು ಅದರ ಮುಂದೆ ನಿಂತಳು. ಅಂಚು ಹಿಡಿದು ಮೂಸಿದಳು.

“ಯಾರು ಒಗದವ್ರು ಇದಕ್ಕ?”

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು: “ನಾನ್ರಿ ಅತ್ತಿ. ಭಾಳ ಹೊಲಸ ಕಂಡಿತ್ರಿ.”

ಆಯಿ ಕೂಗಾಡಲಿಲ್ಲ. “ಶಹರದಾಗ ಹೊಲಸ ಅಂತಾರೇನವ್ವಾ. ನಮ್ಮಲ್ಲಿ ವರ್ಷದ ಹುಳಿ ಅಂತಾರ,” ಎಂದಳು. ಅಷ್ಟೇ. ಗಡಿಗೆಯನ್ನು ಎತ್ತಿ ಕಾಕಿಯ ಕೈಗೆ ಕೊಟ್ಟಳು. ಆ ವರ್ಷ ಔರಾದದ ಸಂತೆಯಿಂದ ಹುಣಸೆಹಣ್ಣು ಬಂತು. ಕಾಕ ಮೊದಲ ಸಲ ಉಣ್ಣುವಾಗ ಅವ್ವನ ಕಡೆ ತಿರುಗಿ “ವೈನಿ, ಈ ಸಲ ಸಾರಿಗಿ ನೊರಿ ಬಂದದೇನ್ರಿ?” ಎಂದು ಕೇಳಿದ, ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಅಲ್ಲಿಂದ ಮುಂದೆ ಹನ್ನೊಂದು ಚಳಿಗಾಲ ಕಾಕಿಯೇ ಹೊಲಕ್ಕೆ ಹೋದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಬೆಳ್ಳುಳ್ಳಿ ಜಜ್ಜುತ್ತಿದ್ದಳು, ಒಲೆ ಊದುತ್ತಿದ್ದಳು. ಹುಳಿ ಬಿಡುವ ಹೊತ್ತಿಗೆ ಆಯಿ “ಸರಿ ಅತ್ಲಾಗ” ಅನ್ನುತ್ತಿದ್ದಳು, ಅವ್ವ ಸರಿಯುತ್ತಿದ್ದಳು. ಶಹರದಾಕಿ ಎಂಬ ಮಾತು ಮರಳಿ ಬಂತು. ಒಮ್ಮೆ ನಾನು ಹೇಳಿಯೇ ಬಿಡುತ್ತೇನೆಂದು ಆಯಿಯ ಹತ್ತಿರ ಹೋದಾಗ ಅವ್ವ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದಳು. “ಸುಮ್ಮ ಇರು,” ಎಂದಳು, ಯಾಕೆಂದು ಹೇಳಲಿಲ್ಲ. ಅವಳು ಒಲೆಯ ಮುಂದಿನ ತನ್ನ ಜಾಗವನ್ನು ನನಗಾಗಿ ಬಿಟ್ಟುಕೊಟ್ಟಳು ಎಂದು ನಾನು ನಂಬಿದೆ. ಆಯಿ ತೀರಿಹೋದಳು. ಹೊಲ ಪಾಲಾಯಿತು, ಮನೆ ಮಾರಾಟವಾಯಿತು, ಕೊಂಡವರು ಕೆಡವಿದರು. ಕಾಕ, ಕಾಕಿ ಭಾಲ್ಕಿಗೆ ಹೋದರು, ನಾವು ನೌಬಾದಕ್ಕೆ ಬಂದೆವು. ಅಪ್ಪನೂ ಕಾಕನೂ ಒಂದೇ ವರ್ಷ ತೀರಿಕೊಂಡರು. ಅವ್ವ ಈ ಮನೆಯಲ್ಲಿ ಎಲ್ಲ ಅಡುಗೆ ಮಾಡಿದಳು, ಆ ಸಾರನ್ನು ಮಾತ್ರ ಒಮ್ಮೆಯೂ ಮಾಡಲಿಲ್ಲ. ಅದಕ್ಕೂ ನನ್ನ ಲೆಕ್ಕದಲ್ಲಿ ಕಾರಣ ಒಂದೇ, ನಾನು ಒಗೆದ ಆ ಬಟ್ಟೆ.

ಆ ಕಡಲೆ ಕಟ್ಟು ಕಂಡ ಮರುದಿನ ನಾನು ಅವ್ವನನ್ನು ಕರೆದುಕೊಂಡು ಭಾಲ್ಕಿಗೆ ಹೋದೆ. ಕಾಕಿಗೆ ಮಂಡಿ ನೋವು, ಕಣ್ಣು ಚೆನ್ನಾಗಿವೆ. ಇಬ್ಬರೂ ಅಡುಗೆ ಮನೆಯಲ್ಲಿ ಕೂತು ಹುಣಸೆಹಣ್ಣಿನಿಂದಲೇ ಆ ಸಾರು ಮಾಡುವುದೆಂದು ನಿಶ್ಚಯಿಸಿದರು. ಹುಳಿಬಟ್ಟೆ ಎಲ್ಲಿ ಎಂದು ಕೇಳಿದೆ. “ಇಲಿ ಕಡದು ಚಿಂದಿ ಮಾಡಿದ್ವು. ಈಗ ಹೊಲಕ್ಕ ಔಷಧ ಹೊಡೀತಾರ, ಹಾಸಿದ್ರ ವಿಷಾನೇ ಉಣ್ಬೇಕು,” ಎಂದಳು ಕಾಕಿ. ಸಾರು ಕುದಿಯತೊಡಗಿತು. ಹುಳಿ ಬಿಡುವ ಹೊತ್ತಾಯಿತು. ಅವ್ವ ಕೂತಲ್ಲಿಂದಲೇ ಹಿಂದಕ್ಕೆ ಸರಿದಳು, ಯಾರೂ ಹೇಳಿರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬಾವಿ, ಸಾಬೂನು, ವೇಷ, ಬಾವುಟ ಎಲ್ಲವನ್ನೂ ಕಾಕಿಗೆ ಹೇಳಿದೆ.

ಕಾಕಿ ಸೌಟು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗದೆ ಅವ್ವನ ಕಡೆ ತಿರುಗಿದಳು.

“ಅಂದ್ರ ಅಕ್ಕಾ, ನಿಮ್ಮ ಮಗಳು ಭಾರತಮಾತಾ ಆಗ್ಲಿಕ್ಕ ಹನ್ನೊಂದು ವರ್ಷ ನಾ ಆ ಥಂಡ್ಯಾಗ ಸತ್ತೇನಿ?”

“ನಿನಗ ಬೇಕಿತ್ತಲ್ಲವ್ವಾ ಗಡಗಿ. ಎರಡು ದಿನ ಉಂಡಿದ್ದಿಲ್ಲ ನೀ.”

“ಗಡಗಿ ಬೇಕಿತ್ರಿ! ಥಂಡಿ ಯಾರಿಗಿ ಬೇಕಿತ್ತು? ಕೈಬೆರಳು ಕಟಗಿ ಆಗ್ತಿದ್ವು. ಬೇಡ ಅನ್ಲಿಕ್ಕ ಬಾಯಿಲ್ಲ, ಬೇಡಿ ತಗೊಂಡಾಕಿ ನಾನೇ.”

ಅವ್ವ ನಗತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು. ನಗು ನಿಂತ ಮೇಲೆ ನನಗೆ ಹೇಳಿದಳು: “ನಿನ್ನ ಉಳಸ್ಲಿಕ್ಕ ಹೇಳಿದ್ನಿ ಅಂತ ತಿಳಕೊಂಡಿದ್ದೇನು? ಅರ್ಧ ನಿನ್ನ ಸಲುವಾಗಿ, ಅರ್ಧ ನನ್ನ ಸಲುವಾಗಿ ಹೇಳಿದ್ನಿ. ಕೋಳಿ ಕೂಗೂದ್ರಾಗ ಏಳೂದು, ಬರಿಗಾಲಿಲೆ ಆ ಹೊಲ. ಬಟ್ಟಿ ಬೆಳ್ಳಗ ಕಂಡಿದ್ದೇ ತಡ, ದೇವ್ರು ಬಂದಂಗ ಆತು. ಹನ್ನೊಂದು ವರ್ಷ ಸೂರ್ಯ ಬರೂ ತನಕ ಮಲಗೇನಿ.”

“ಮತ್ತ ಆಯಿ ಸರಿ ಅತ್ಲಾಗ ಅಂತಿದ್ಲು?”

“ಅದು ಸುಡ್ತಿತ್ತು,” ಎಂದಳು ಅವ್ವ. “ಸುಡ್ತಿದ್ದಿಲ್ಲ ಅಂದ್ರ ಸುಳ್ಳಾಗ್ತದ. ಆದ್ರ ನಿದ್ದಿ ಛಲೋ ಇತ್ತು.”

ಇದು ನನ್ನ ಸಮಾಧಾನಕ್ಕೆ ಆಡಿದ ಮಾತೇ ಎಂದು ನಾನು ಅವಳ ಮುಖ ನೋಡಿದೆ. ಪತ್ರಿಕೆಗೆ ಸುದ್ದಿ ಬರೆಯುವ ನನ್ನ ಕೆಲಸದಲ್ಲಿ ಸುಳ್ಳು ಹೇಳುವವರ ಮುಖ ಸಾಕಷ್ಟು ನೋಡಿದ್ದೇನೆ. ಅವಳು ಅರ್ಧ ಎಂದದ್ದು ಅರ್ಧವೇ ಆಗಿತ್ತು. ಇಷ್ಟು ವರ್ಷ ಪೂರ್ತಿ ನನಗಾಗಿಯೇ ಎಂದುಕೊಂಡು ಹೊತ್ತಿದ್ದೆ. ಅರ್ಧ ಇಳಿದ ಮೇಲೆ ಉಳಿದ ಅರ್ಧ ಹೊರಲು ಭಾರವೆನಿಸಲಿಲ್ಲ.

ಕಾಕಿ ಹುಣಸೆ ರಸದ ಬಟ್ಟಲನ್ನು ಅವ್ವನ ಕಡೆ ನೂಕಿದಳು. “ಹಾಕ್ರಿ ನೀವೇ. ನನಗ ಸಾಕಾಗ್ಯಾದ.” ಅವ್ವನಿಗೆ ಅಳತೆ ಮರೆತಿತ್ತು. ಎಷ್ಟು ಎಂದು ಕೇಳಿದಳು, ಕಾಕಿ ಹೇಳಿದಳು, ಅವ್ವ ಬಿಟ್ಟಳು, ಇಬ್ಬರೂ ಅಂಗೈ ಮೇಲೆ ಹಾಕಿಕೊಂಡು ನೆಕ್ಕಿದರು.

“ಇದು ಅದಲ್ಲ,” ಎಂದಳು ಅವ್ವ.

“ಅಲ್ಲ,” ಎಂದಳು ಕಾಕಿ. “ಅತ್ತಿ ಇದ್ದಿದ್ರ ಉಗುಳ್ತಿದ್ಲು.”

ಮೂವರೂ ಪಾತ್ರೆ ಖಾಲಿಯಾಗುವ ತನಕ ಉಂಡೆವು. ಆ ಹುಳಿ ಇನ್ನು ಯಾರ ನಾಲಿಗೆಗೂ ಬರುವುದಿಲ್ಲ. ಇದು ಅದಲ್ಲ ಎಂದು ಗುರುತಿಸುವವರು ನಾವು ಮೂವರೇ ಉಳಿದಿದ್ದೇವೆ, ನಮ್ಮ ನಂತರ ಆ ಗುರುತೂ ಇರುವುದಿಲ್ಲ. ಹುಣಸೆಹಣ್ಣಿನ ಅಳತೆಯನ್ನು ಮಾತ್ರ ಬರೆದುಕೊಂಡೆ, ಸಣ್ಣ ನಿಂಬೆಯಷ್ಟು.

ಇಳಿಮಧ್ಯಾಹ್ನದ ಬಸ್ಸಿನಲ್ಲಿ ಬೀದರ್ ಕಡೆ ಹೊರಟೆವು. ಭಾಲ್ಕಿ ದಾಟುವುದರೊಳಗೆ ಅವ್ವ ನನ್ನ ಹೆಗಲಿಗೆ ತಲೆ ಒರಗಿಸಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಕಿಟಕಿಯ ಬಿಸಿಲು ಮುಖದ ಮೇಲೆ ಬೀಳುತ್ತಿತ್ತು, ನಾನು ಪರದೆ ಎಳೆದೆ. ಕಂಡಕ್ಟರ್ “ನೌಬಾದ, ನೌಬಾದ ಇಳಿಯೋರು ಬರ್ರಿ” ಎಂದು ಕೂಗಿದ. ಅದು ನಮ್ಮ ನಿಲ್ದಾಣ. ನಾನು ಏಳಲಿಲ್ಲ, ಅವಳನ್ನೂ ಎಬ್ಬಿಸಲಿಲ್ಲ. ಬಸ್ಸು ನಮ್ಮ ತಿರುವು ದಾಟಿ ಮುಂದೆ ಹೋಯಿತು. ಕೊನೆಯ ನಿಲ್ದಾಣ ಇನ್ನೂ ಸ್ವಲ್ಪ ದೂರವಿತ್ತು.